'ಟೀಚ್ಡ್' ಅಂದರೆ ಅರ್ಥ ಆಗುವುದಿಲ್ಲವಾ? ಇಂಗ್ಲಿಷ್ ಕ್ರಿಯಾಪದಗಳಿಗೆಲ್ಲ ಒಂದೇ ನಿಯಮ ಇರಲಿ

ರಾತ್ರಿ ಓದು

ನನಗೆ 36 ವರ್ಷ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ. ಬರೆಯುವುದೂ ಹೇಗೋ ನಡೆಯುತ್ತದೆ. ಮಾತಾಡಲು ನಿಂತಾಗ ಮಾತ್ರ ಕ್ರಿಯಾಪದಗಳು ಕೈಕೊಡುತ್ತವೆ.

ಹೋದ ವಾರ ಕೆಲಸದ ಜಾಗದಲ್ಲಿ ಒಂದು ಮೀಟಿಂಗ್ ಇತ್ತು. ಹೊಸದಾಗಿ ಸೇರಿದ ಹುಡುಗ ಮಷೀನ್ ನಡೆಸುವುದನ್ನು ಇಷ್ಟು ಬೇಗ ಹೇಗೆ ಕಲಿತ ಅಂತ ಮೇಲಿನವರು ಕೇಳಿದರು. ನಾನು ಎದ್ದು 'ಐ ಟೀಚ್ಡ್ ಹಿಮ್' ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಕ್ಕದಲ್ಲಿದ್ದವರು ಮೆಲ್ಲಗೆ 'ಟಾಟ್, ಟಾಟ್' ಅಂದರು. ಮೂರು ವಾರ ಆ ಹುಡುಗನ ಪಕ್ಕದಲ್ಲೇ ನಿಂತು ಕಲಿಸಿದವನು ನಾನು. ಅದನ್ನು ಹೇಳಿಕೊಳ್ಳುವ ಹೊತ್ತಿಗೆ ಮಾತೆಲ್ಲ ಆ ಒಂದು ಪದಕ್ಕೆ ಸಿಕ್ಕಿಕೊಂಡಿತು. ನಾನು ಹೇಳಿದ್ದು ಅಲ್ಲಿ ಎಲ್ಲರಿಗೂ ಅರ್ಥ ಆಗಿತ್ತು. ನಕ್ಕವರಿಗೂ ಆಗಿತ್ತು.

ಮನೆಗೆ ಬಂದು ವ್ಯಾಕರಣ ಪುಸ್ತಕದ ಕೊನೆಯಲ್ಲಿರುವ ಪಟ್ಟಿ ತೆಗೆದೆ. ಟೀಚ್ ಆದರೆ ಟಾಟ್, ರೀಚ್ ಆದರೆ ರೀಚ್ಡ್. ಡ್ರಿಂಕ್ ಆದರೆ ಡ್ರ್ಯಾಂಕ್, ಥಿಂಕ್ ಆದರೆ ಥಾಟ್, ಬ್ಲಿಂಕ್ ಆದರೆ ಬ್ಲಿಂಕ್ಡ್. ಕಟ್ ಮಾತ್ರ ನಿನ್ನೆಯೂ ಕಟ್, ಇವತ್ತೂ ಕಟ್. ಇಂಥವು 200ರ ಆಸುಪಾಸು ಇವೆ. ಒಂದಕ್ಕೂ ಕಾರಣ ಬರೆದಿಲ್ಲ. ಬಾಯಿಪಾಠ ಮಾಡಿ ಅಷ್ಟೇ.

ಇವತ್ತು ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗಿಂತ ಕಲಿತು ಆಡುವವರೇ ಜಾಸ್ತಿ. ಹಾಗಿರುವಾಗ ಎಲ್ಲ ಕ್ರಿಯಾಪದಕ್ಕೂ ಕೊನೆಗೆ ಇ-ಡಿ ಹಚ್ಚಿದರೆ ಸಾಕು ಅಂತ ಮಾಡಿಬಿಡಬಾರದಾ? ಗೋಡ್, ಕಮ್ಡ್, ಟೀಚ್ಡ್, ಬೈಡ್. ನಾನು ಬೇಸರಕ್ಕೆ ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಏನು ಹಾಳಾಗುತ್ತದೆ?

ಕೋಡ್ ಮನೆ

ಏನೂ ಹಾಳಾಗುವುದಿಲ್ಲ. ನಾನು ನಿಮ್ಮ ಕಡೆ.

ಇದನ್ನು ಮಾಡಿ ತೋರಿಸಿದವರೂ ಇದ್ದಾರೆ. 1887ರಲ್ಲಿ ಜಾಮೆನ್‌ಹಾಫ್ ಎಸ್ಪೆರಾಂಟೊ ಭಾಷೆ ಕಟ್ಟಿದಾಗ ಕ್ರಿಯಾಪದಗಳಿಗೆ ಒಂದೇ ಅಚ್ಚು ಇಟ್ಟರು. ಈಗ ನಡೆಯುವುದಕ್ಕೆ ಕೊನೆಯಲ್ಲಿ 'ಆಸ್', ಆಗಿಹೋದದ್ದಕ್ಕೆ 'ಇಸ್', ಮುಂದೆ ಆಗುವುದಕ್ಕೆ 'ಓಸ್'. 'ಇರು' ಅನ್ನುವ ಪದಕ್ಕೂ ವಿನಾಯಿತಿ ಇಲ್ಲ: ಎಸ್ತಾಸ್, ಎಸ್ತಿಸ್, ಎಸ್ತೋಸ್. ಅದೇ ಇಂಗ್ಲಿಷಿನಲ್ಲಿ ನೋಡಿ. ಆಮ್, ಈಸ್, ಆರ್, ವಾಸ್, ವರ್, ಬೀನ್. ಒಂದೇ ಪದ ಅಂತ ನಂಬುವುದೇ ಕಷ್ಟ.

ಇನ್ನೊಂದು ವಿಷಯ. ಇಂಗ್ಲಿಷಿಗೆ ಹೊಸದಾಗಿ ಬರುವ ಕ್ರಿಯಾಪದಗಳು ಸುಮ್ಮನೆ ಇ-ಡಿ ಹಚ್ಚಿಕೊಂಡು ಬರುತ್ತವೆ. ಗೂಗಲ್ಡ್, ಇಮೇಲ್ಡ್, ಟೆಕ್ಸ್ಟೆಡ್. ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಅಂದರೆ ಭಾಷೆಗೇ ಗೊತ್ತು ನಿಯಮ ಯಾವುದು ಅಂತ. ಉಳಿದದ್ದು ಹಳೆಯ ಕಸ. ಗುಡಿಸಿದರಾಯಿತು.

ಹಳೇ ಮೇಷ್ಟ್ರು

ರಾತ್ರಿ ಓದು ಅವರೇ, ನಕ್ಕವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ನಿಮ್ಮ ಪ್ರಶ್ನೆಯನ್ನು ಎಷ್ಟೋ ಮಕ್ಕಳು ಕೇಳಿದ್ದಾರೆ. 'ಅದು ಹಾಗೇ' ಅಂತ ಹೇಳಿ ಕೂರಿಸಿದ್ದೇನೆ. ಅದು ಉತ್ತರ ಅಲ್ಲ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಇ-ಡಿ ಹಚ್ಚುವುದು ಕಾಗದದ ಮೇಲೆ ಒಂದೇ ನಿಯಮ. ಬಾಯಲ್ಲಿ ಮೂರು. ವಾಕ್ ಅನ್ನುವುದಕ್ಕೆ ಹಚ್ಚಿದಾಗ ಅದು 'ಟ್' ಆಗುತ್ತದೆ, 'ವಾಕ್ಟ್' ಅಂತ ಕೇಳುತ್ತದೆ. ಪ್ಲೇಗೆ ಹಚ್ಚಿದಾಗ 'ಪ್ಲೇಡ್'. ವಾಂಟ್‌ಗೆ ಹಚ್ಚಿದಾಗ ಮಾತ್ರ ಒಂದು ಪೂರ್ತಿ ಸದ್ದು ಸೇರಿ 'ವಾಂಟೆಡ್'. 'ವಾಕೆಡ್', 'ಹೆಲ್ಪೆಡ್' ಅಂತ ಹೇಳುವವರನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ. ನಿಮ್ಮ 'ಟೀಚ್ಡ್' ಕೂಡ ಸರಿಯಾಗಿ ಉಚ್ಚರಿಸಿದರೆ 'ಟೀಚ್ಟ್' ಆಗುತ್ತದೆ. 'ಟಾಟ್' ಅದಕ್ಕಿಂತ ಬಾಯಿಗೆ ಸುಲಭ, ಅಲ್ವಾ?

ಪದದ ಬೆನ್ನು

ಕೋಡ್ ಮನೆಯವರು 'ಹಳೆಯ ಕಸ' ಅಂದದ್ದು ನನಗೆ ನೋವಾಯಿತು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆ ಇರಲಿ.

ಈ ಕ್ರಿಯಾಪದಗಳು ನಿಯಮ ಇಲ್ಲದೆ ಹುಟ್ಟಿದವಲ್ಲ. ಸಿಂಗ್–ಸ್ಯಾಂಗ್–ಸಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್, ಸ್ವಿಮ್–ಸ್ವ್ಯಾಮ್–ಸ್ವಮ್. ಇಲ್ಲಿ ಕೊನೆಗೆ ಏನೂ ಹಚ್ಚುವುದಿಲ್ಲ. ಪದದ ಹೊಟ್ಟೆಯಲ್ಲಿರುವ ಸ್ವರ ಬದಲಾಗುತ್ತದೆ. ಇಂಗ್ಲಿಷ್, ಜರ್ಮನ್, ಡಚ್ ಎಲ್ಲಕ್ಕೂ ತಾಯಿಯಾದ ಭಾಷೆಯಲ್ಲಿ ಇದೇ ಮೂಲ ಪದ್ಧತಿ. ಹಳೆಯ ಇಂಗ್ಲಿಷಿನಲ್ಲಿ ಇಂಥ ಕ್ರಿಯಾಪದಗಳನ್ನು ಏಳು ಗುಂಪು ಮಾಡುತ್ತಾರೆ. ಪ್ರತಿ ಗುಂಪಿಗೂ ತನ್ನದೇ ಸ್ವರದ ಸಾಲು. ಆಗ ಅದೇ ನಿಯಮ. ಕೊನೆಗೆ ಡ ಸದ್ದು ಹಚ್ಚುವ ಪದ್ಧತಿ ಆಮೇಲೆ ಬಂದದ್ದು.

ಇನ್ನು ಕೆಲವು ಪದಗಳ ಕತೆ ಇದಕ್ಕಿಂತ ಚೆನ್ನಾಗಿದೆ. ಅವು ಮೊದಲು ನಿಯಮದಲ್ಲೇ ಇದ್ದವು. ಮೇಕ್‌ನ ಭೂತಕಾಲ ಒಂದು ಕಾಲದಲ್ಲಿ 'ಮೇಕ್ಡ್' ಥರವೇ ಇತ್ತು. ದಿನಕ್ಕೆ ನೂರು ಸಲ ಬಾಯಲ್ಲಿ ಉರುಳಿ ನಡುವಿನ ಕ ಸದ್ದು ಸವೆದುಹೋಯಿತು. ಉಳಿದದ್ದು 'ಮೇಡ್'. ಹ್ಯಾವ್‌ನಿಂದ 'ಹ್ಯಾಡ್' ಬಂದದ್ದೂ ಹಾಗೇ. ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಫೀಲ್–ಫೆಲ್ಟ್ ನೋಡಿ. ಕೊನೆಗೆ ಹಚ್ಚುವ ಸದ್ದು ಅಲ್ಲೇ ಇದೆ. ಎರಡು ವ್ಯಂಜನ ಒಟ್ಟಿಗೆ ಬಂದಾಗ ಅದರ ಹಿಂದಿನ ಉದ್ದ ಸ್ವರ ಗಿಡ್ಡ ಆಯಿತು, ಅಷ್ಟೇ. ಅಂದರೆ ಇವತ್ತು ನೀವು ಎಲ್ಲವನ್ನೂ ನಿಯಮಕ್ಕೆ ತಂದರೂ, ಜಾಸ್ತಿ ಬಳಸುವ ಪದ ಮತ್ತೆ ಸವೆಯುತ್ತದೆ.

ಗೋ–ವೆಂಟ್ ಅಂತೂ ಎರಡು ಬೇರೆ ಪದಗಳ ಮದುವೆ. 'ವೆಂಟ್' ಮೊದಲು 'ವೆಂಡ್' ಅನ್ನುವ ಪದದ ಭೂತಕಾಲ ಆಗಿತ್ತು. ಸೆಂಡ್–ಸೆಂಟ್ ಇದ್ದ ಹಾಗೆ. ಗೋಗೆ ಇದ್ದ ಹಳೆಯ ಭೂತಕಾಲ ಬಿದ್ದುಹೋಗಿ ಇದು ಆ ಜಾಗಕ್ಕೆ ಬಂದು ಕೂತಿತು.

ಕೋಡ್ ಮನೆ

ಕಸ ಅಂದದ್ದಕ್ಕೆ ಕ್ಷಮೆ ಇರಲಿ. ಆದರೆ ಕತೆ ಚೆನ್ನಾಗಿದೆ ಅಂತ ಕಲಿಯುವವರ ಹೊರೆ ಕಡಿಮೆ ಆಗುವುದಿಲ್ಲವಲ್ಲ? ಸ್ವರದ ಸಾಲು ಒಡೆದು ಎಷ್ಟೋ ಕಾಲ ಆಯಿತು. ಬ್ರಿಂಗ್ ಆ ಸಾಲಿಗೆ ಬರುವುದಿಲ್ಲ. ಫ್ಲಿಂಗ್–ಫ್ಲಂಗ್‌ನಲ್ಲಿ ಸಾಲಿನ ನಡುವಿನದು ಇಲ್ಲ. ಕಲಿಯುವವನ ಕೈಗೆ ಸಿಗುವುದು ಒಡೆದ ಚೂರು ಮಾತ್ರ.

ಅವಳಿ ಅಮ್ಮ

ನಾನು ಭಾಷೆ ಓದಿದವಳಲ್ಲ. ಮನೆಯಲ್ಲಿ ಕೇಳಿದ್ದನ್ನು ಹೇಳುತ್ತೇನೆ. ನನಗೆ ಮೂರೂವರೆ ವರ್ಷದ ಅವಳಿ ಹೆಣ್ಣುಮಕ್ಕಳು. ಎರಡು ವರ್ಷ ಇದ್ದಾಗ ಇಬ್ಬರೂ 'ಬಿದ್ದೆ' ಅಂತಲೇ ಹೇಳುತ್ತಿದ್ದರು. ಸರಿಯಾಗಿ. ಈಗ ಮೂರು ತಿಂಗಳಿಂದ ಒಬ್ಬಳು 'ಬೀಳಿದೆ' ಅನ್ನುತ್ತಿದ್ದಾಳೆ. 'ಅಮ್ಮಾ, ನಾನು ಬೀಳಿದೆ, ಅವಳು ನಗಿದಳು.' ನಾನು ಹೆದರಿದೆ. ಇದ್ದದ್ದು ಮರೆತುಹೋಯಿತಾ, ಮಗು ಹಿಂದೆ ಹೋಗುತ್ತಿದೆಯಾ ಅಂತ. ಇಲ್ಲಿ ನೀವೆಲ್ಲ ಮಾತಾಡುತ್ತಿರುವುದು ಇದೇ ಅಲ್ವಾ? ಅವಳೂ ಎಲ್ಲದಕ್ಕೂ ಒಂದೇ ನಿಯಮ ಹಚ್ಚುತ್ತಿದ್ದಾಳೆ.

ಪದದ ಬೆನ್ನು

ಅಕ್ಕಾ, ಹೆದರಬೇಡಿ. ಅವಳು ಹಿಂದೆ ಹೋಗುತ್ತಿಲ್ಲ, ಮುಂದೆ ಹೋಗಿದ್ದಾಳೆ. ಎರಡು ವರ್ಷದವಳಿದ್ದಾಗ 'ಬಿದ್ದೆ' ಅನ್ನುವುದು ಅವಳಿಗೆ ಕೇಳಿ ಕಲಿತ ಒಂದು ಇಡೀ ಪದ. ಅದರೊಳಗೆ 'ಬೀಳು' ಇದೆ ಅಂತ ಗೊತ್ತಿರಲಿಲ್ಲ. ಈಗ ಹೇಳು–ಹೇಳಿದೆ, ಕೇಳು–ಕೇಳಿದೆ ಗಮನಿಸಿ ತಾನೇ ಒಂದು ನಿಯಮ ಕಂಡುಕೊಂಡಿದ್ದಾಳೆ. ಇಂಗ್ಲಿಷ್ ಮಕ್ಕಳೂ ಹೀಗೇ. ಮೊದಲು 'ವೆಂಟ್' ಅನ್ನುತ್ತಾರೆ, ಆಮೇಲೆ 'ಗೋಡ್' ಅನ್ನುತ್ತಾರೆ, ಮತ್ತೆ 'ವೆಂಟ್'ಗೆ ಬರುತ್ತಾರೆ.

1958ರಲ್ಲಿ ಜೀನ್ ಬರ್ಕೊ ಅನ್ನುವವರು ಮಕ್ಕಳಿಗೆ ಚಿತ್ರ ತೋರಿಸಿ, ಎಲ್ಲೂ ಇಲ್ಲದ ಪದಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. 'ಗ್ಲಿಂಗ್' ಅನ್ನುವ ಸುಳ್ಳು ಕ್ರಿಯಾಪದ ಕೊಟ್ಟು, ನಿನ್ನೆ ಏನು ಮಾಡಿದ ಅಂತ ಕೇಳಿದರೆ ಮಕ್ಕಳು 'ಗ್ಲಿಂಗ್ಡ್' ಅನ್ನುತ್ತಿದ್ದರು. ದೊಡ್ಡವರಲ್ಲಿ 'ಗ್ಲ್ಯಾಂಗ್', 'ಗ್ಲಂಗ್' ಅಂದವರೂ ಇದ್ದರು. ಅಂದರೆ ದೊಡ್ಡವರ ತಲೆಯಲ್ಲಿ ಆ ಹಳೆಯ ಸ್ವರದ ಸಾಲು ಇನ್ನೂ ಉಸಿರಾಡುತ್ತಿದೆ. ಕೋಡ್ ಮನೆಯವರೇ, ಬರೀ ಚೂರು ಆಗಿದ್ದರೆ ಹಾಗಾಗುತ್ತಿತ್ತಾ?

ಕೋಡ್ ಮನೆ

ಇದಕ್ಕೆ ನಮ್ಮ ಕಡೆಯಿಂದಲೂ ಒಂದು ಸಾಕ್ಷಿ ಇದೆ. 1986ರಲ್ಲಿ ರೂಮೆಲ್‌ಹಾರ್ಟ್ ಮತ್ತು ಮೆಕ್‌ಲೆಲೆಂಡ್ ಕಂಪ್ಯೂಟರಿನಲ್ಲಿ ಮಿದುಳಿನ ನರಗಳ ಮಾದರಿಯ ಒಂದು ಜಾಲ ಕಟ್ಟಿ 420 ಇಂಗ್ಲಿಷ್ ಕ್ರಿಯಾಪದಗಳ ಭೂತಕಾಲ ಕಲಿಸಿದರು. ಅದಕ್ಕೆ ನಿಯಮ ಅಂತ ಯಾವುದನ್ನೂ ಬರೆದು ಕೊಟ್ಟಿರಲಿಲ್ಲ. ಜೋಡಿ ಪದಗಳನ್ನು ಮತ್ತೆ ಮತ್ತೆ ತೋರಿಸಿದರು ಅಷ್ಟೇ. ಅದೂ ನಡುವೆ ಒಮ್ಮೆ ಮಕ್ಕಳ ಥರವೇ ತಪ್ಪು ಮಾಡಿತು. ಆಮೇಲೆ ಸರಿಹೋಯಿತು. ತಲೆಯಲ್ಲಿ ನಿಯಮ ಇದೆಯಾ, ಬರೀ ಅಭ್ಯಾಸ ಇದೆಯಾ ಅಂತ ಮನೋವಿಜ್ಞಾನಿ ಸ್ಟೀವನ್ ಪಿಂಕರ್ ಮತ್ತು ಅವರ ಎದುರಿನವರ ಜಗಳ ಅಲ್ಲಿಂದ ಬಹಳ ವರ್ಷ ನಡೆಯಿತು.

ನನ್ನ ವಾದ ಸ್ವಲ್ಪ ಸಡಿಲ ಆಗುತ್ತಿದೆ, ಒಪ್ಪುತ್ತೇನೆ. ಪೂರ್ತಿ ಬಿಟ್ಟಿಲ್ಲ.

ಅನುವಾದದವಳು

ಅವಳಿ ಅಮ್ಮ ಹೇಳಿದ್ದು ಓದಿ ನನ್ನ ಭಾಷೆಯನ್ನೇ ಒಮ್ಮೆ ಹೊರಗಿನವಳ ಹಾಗೆ ನೋಡಿದೆ. ಹೇಳು–ಹೇಳಿದ. ಬೀಳು–ಬಿದ್ದ. ಕೀಳು–ಕಿತ್ತ. ಮೂರೂ 'ಳು'ವಿನಲ್ಲೇ ಮುಗಿಯುತ್ತವೆ, ಮೂರಕ್ಕೂ ಮೂರು ದಾರಿ. ಹೂಳು ಅನ್ನುವುದಕ್ಕೆ 'ಹೂಳಿದ'ವೂ ಇದೆ, 'ಹೂತ'ವೂ ಇದೆ. ಕನ್ನಡ ಕಲಿಯಲು ಬಂದವರು ಇದನ್ನು ನೋಡಿ ರಾತ್ರಿ ಓದು ಅವರ ಹಾಗೇ ತಲೆ ಹಿಡಿದುಕೊಳ್ಳುತ್ತಾರೆ.

ಆದರೆ ಸ್ವಲ್ಪ ಹೊತ್ತು ಕೂತು ಪಟ್ಟಿ ಮಾಡಿದೆ. ನಗು–ನಕ್ಕ, ಸಿಗು–ಸಿಕ್ಕ, ಮಿಗು–ಮಿಕ್ಕ. ಕೊಡು–ಕೊಟ್ಟ, ಬಿಡು–ಬಿಟ್ಟ, ಸುಡು–ಸುಟ್ಟ, ಇಡು–ಇಟ್ಟ, ನೆಡು–ನೆಟ್ಟ. ಅದೇ ಮಾಡು, ಹಾಡು, ನೋಡು, ಬೇಡು ಎಲ್ಲ 'ಇದ'ಕ್ಕೆ ಹೋಗುತ್ತವೆ. ಮೊದಲ ಸ್ವರ ಗಿಡ್ಡ ಆದರೆ ಒಂದು ದಾರಿ, ಉದ್ದ ಆದರೆ ಇನ್ನೊಂದು. ಇದನ್ನು ನನಗೆ ಯಾರೂ ಕಲಿಸಿಲ್ಲ. ಇಷ್ಟು ವರ್ಷ ಆಡಿಯೂ ನನಗೇ ಗೊತ್ತಿರಲಿಲ್ಲ. ನಾಳೆ ಯಾರಾದರೂ ಬಂದು 'ಕೊಡಿದ', 'ಬಿಡಿದ' ಅಂತ ಬರೆಯಿರಿ, ಸುಲಭ ಆಗುತ್ತದೆ ಅಂದರೆ ನನ್ನ ಕೈ ಬರೆಯುವುದಿಲ್ಲ.

ಇನ್ನು ಇಂಗ್ಲಿಷಿನ ಮಾತು. ಕೆಲವು ಕಡೆ ಎರಡು ರೂಪ ಎರಡು ಅರ್ಥವನ್ನು ಕಾಯುತ್ತಿವೆ. ಫೈಂಡ್‌ನ ಭೂತಕಾಲ 'ಫೌಂಡ್', ಅಂದರೆ ಸಿಕ್ಕಿತು. 'ಫೌಂಡೆಡ್' ಅಂದರೆ ಸ್ಥಾಪಿಸಿದ. ಗಂಟೆ ಬಾರಿಸಿದರೆ 'ರ್ಯಾಂಗ್'. ಸುತ್ತ ಬಳೆಯ ಹಾಗೆ ಆವರಿಸಿದರೆ 'ರಿಂಗ್ಡ್'. ಬಟ್ಟೆ ನೇತು ಹಾಕಿದರೆ 'ಹಂಗ್'. ಮನುಷ್ಯನನ್ನು ಗಲ್ಲಿಗೇರಿಸಿದರೆ 'ಹ್ಯಾಂಗ್ಡ್'. ಮಲಗಿದರೆ 'ಲೇ', ಸುಳ್ಳು ಹೇಳಿದರೆ 'ಲೈಡ್'. ಎಲ್ಲಕ್ಕೂ ಇ-ಡಿ ಹಚ್ಚಿದರೆ 'ಅವನು ಅಲ್ಲೇ ಲೈಡ್' ಅನ್ನುವ ವಾಕ್ಯ ಬಂದಾಗ ಅವನು ಅಲ್ಲಿ ಮಲಗಿದನೋ, ಅಲ್ಲಿ ನಿಂತು ಸುಳ್ಳು ಹೇಳಿದನೋ? ಅನುವಾದ ಮಾಡುವವಳಿಗೆ ಇದು ಸಣ್ಣ ವಿಷಯ ಅಲ್ಲ.

ರಾತ್ರಿ ಓದು

ಅನುವಾದದವಳು ಮೇಡಂ, ಹಾಗಾದರೆ ರೀಡ್ ಬಗ್ಗೆ ಏನು ಹೇಳುತ್ತೀರಿ? ಬರೆದಾಗ ಈಗಿನದೂ ಅದೇ ನಾಲ್ಕು ಅಕ್ಷರ, ನಿನ್ನೆಯದೂ ಅದೇ ನಾಲ್ಕು ಅಕ್ಷರ. ಜೋರಾಗಿ ಓದುವಾಗ 'ರೀಡ್' ಅನ್ನಬೇಕೋ 'ರೆಡ್' ಅನ್ನಬೇಕೋ ಅಂತ ವಾಕ್ಯದ ಕೊನೆ ತನಕ ಕಾಯಬೇಕು. 'ರೀಡೆಡ್' ಅಂತ ಇದ್ದಿದ್ದರೆ ಅರ್ಥ ಸ್ಪಷ್ಟ ಆಗುತ್ತಿತ್ತು. ಪುಟ್, ಕಟ್, ಹಿಟ್, ಶಟ್ ಎಲ್ಲವೂ ಹಾಗೇ. 'ದೇ ಪುಟ್ ಇಟ್ ಹಿಯರ್' ಅಂದರೆ ದಿನಾ ಇಡುತ್ತಾರಾ, ನಿನ್ನೆ ಇಟ್ಟರಾ?

ಅನುವಾದದವಳು

ನಿಜ. ಇದು ನಿಮ್ಮ ಕಡೆಯ ಗಟ್ಟಿ ವಾದ. 'ರೀಡ್' ವಿಷಯದಲ್ಲಿ ನಾನೂ ಎಷ್ಟೋ ಸಲ ಒಂದೇ ವಾಕ್ಯವನ್ನು ಎರಡು ಸಲ ಓದಿದ್ದೇನೆ.

ಹಳೇ ಮೇಷ್ಟ್ರು

ಮಾಡಬೇಕಾ ಬೇಡವಾ ಅನ್ನುವುದು ಇರಲಿ. ಮಾಡುವವರು ಯಾರು? ಫ್ರೆಂಚರಿಗೆ 1635ರಿಂದ ಒಂದು ಅಕಾಡೆಮಿ ಇದೆ. ಇಂಗ್ಲಿಷಿಗೂ ಅಂಥದೊಂದು ಬೇಕು ಅಂತ 1712ರಲ್ಲಿ ಜೊನಾಥನ್ ಸ್ವಿಫ್ಟ್ ಬರೆದರು. ಆಗಲೇ ಇಲ್ಲ. ಇಂಗ್ಲಿಷಿಗೆ ಯಜಮಾನ ಅಂತ ಯಾರೂ ಇಲ್ಲ.

ಬರೀ ಕಾಗುಣಿತ ತಿದ್ದಲು ಹೋದವರ ಗತಿ ನೋಡಿ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣದಲ್ಲಿ ಬಳಸಿ ಅಂತ ಆದೇಶ ಕೊಟ್ಟರು. ಹಿಂದೆ ಆಂಡ್ರ್ಯೂ ಕಾರ್ನೆಗಿಯವರ ದುಡ್ಡು ಇತ್ತು. ಅಧ್ಯಕ್ಷರ ಮಾತು, ಶ್ರೀಮಂತರ ದುಡ್ಡು, ಎರಡೂ ಇದ್ದೂ ಅದೇ ವರ್ಷ ಕೈಬಿಡಬೇಕಾಯಿತು. ಪತ್ರಿಕೆಗಳು ಆಡಿಕೊಂಡವು, ಸಂಸತ್ತು ಒಪ್ಪಲಿಲ್ಲ. ಅದು ಬರೆಯುವ ರೀತಿ ಮಾತ್ರ. ನಾವು ಇಲ್ಲಿ ಮಾತಾಡುತ್ತಿರುವುದು ಬಾಯಲ್ಲಿರುವ ಪದವನ್ನೇ ಬದಲಿಸುವ ಕೆಲಸ.

ಆ 300 ಪದಗಳಲ್ಲಿ ಕಿಸ್ಡ್, ಡ್ರಾಪ್ಡ್ ಅಂಥವೂ ಇದ್ದವು. ಅವರು ಕೇಳಿದ್ದು ಕೊನೆಯ ಇ-ಡಿ ತೆಗೆದು, ಕಿವಿಗೆ ಕೇಳುವ ಹಾಗೆ 'ಟಿ' ಬರೆಯಿರಿ ಅಂತ. ರಾತ್ರಿ ಓದು ಅವರು ಬೇಕು ಅನ್ನುವ ಇ-ಡಿಯನ್ನು ಆ ಸುಧಾರಕರು ಬೇಡ ಅಂದಿದ್ದರು.

ಪದದ ಬೆನ್ನು

ಮೇಷ್ಟ್ರೇ, ಅದಕ್ಕಿಂತ ದೊಡ್ಡ ಸಾಕ್ಷಿ 1930ರದು. ಚಾರ್ಲ್ಸ್ ಆಗ್ಡನ್ ಅನ್ನುವವರು ಜಗತ್ತಿನ ಕಲಿಯುವವರಿಗಾಗಿಯೇ 'ಬೇಸಿಕ್ ಇಂಗ್ಲಿಷ್' ಮಾಡಿದರು. ಒಟ್ಟು 850 ಪದ. ಕ್ರಿಯಾಪದಗಳನ್ನಂತೂ ಕಡಿದು ಕಡಿದು 16ಕ್ಕೆ ತಂದರು. ಜೊತೆಗೆ ಮೇ, ವಿಲ್ ಅನ್ನುವ ಎರಡು ಸಹಾಯಕ ಪದ. ಆ 16 ಯಾವುವು ಅಂತ ನೋಡಿ: ಕಮ್, ಗೆಟ್, ಗಿವ್, ಗೋ, ಕೀಪ್, ಲೆಟ್, ಮೇಕ್, ಪುಟ್, ಸೀಮ್, ಟೇಕ್, ಬಿ, ಡೂ, ಹ್ಯಾವ್, ಸೇ, ಸೀ, ಸೆಂಡ್.

ಒಂದೊಂದಾಗಿ ಭೂತಕಾಲ ಹೇಳಿಕೊಂಡು ಬನ್ನಿ. 'ಸೀಮ್' ಒಂದನ್ನು ಬಿಟ್ಟರೆ ಉಳಿದ 15ಕ್ಕೂ ಇ-ಡಿ ನಿಯಮ ಇಲ್ಲ. ಸುಲಭ ಮಾಡಲೆಂದೇ ಕೂತವರ ಕೈಯಲ್ಲಿ ಕೊನೆಗೆ ಉಳಿದದ್ದು ಈ ಪದಗಳು. ಇವಿಲ್ಲದೆ ಇಂಗ್ಲಿಷಿನಲ್ಲಿ ಒಂದು ದಿನ ಕಳೆಯಲು ಆಗುವುದಿಲ್ಲ.

ಇದಕ್ಕೆ ಕಾರಣವೂ ಇದೆ. 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂತು. ಹಳೆಯ ಇಂಗ್ಲಿಷಿನ 177 ಇರ್ರೆಗ್ಯುಲರ್ ಕ್ರಿಯಾಪದಗಳನ್ನು ಹಿಡಿದು ಅವು ಎಲ್ಲಿ ಹೋದವು ಅಂತ ನೋಡಿದರು. ನಡುಗಾಲದ ಇಂಗ್ಲಿಷಿಗೆ ಬರುವಾಗ 145 ಹಾಗೇ ಇದ್ದವು. ಇವತ್ತಿಗೆ 98. ಉಳಿದವೆಲ್ಲ ತಾವಾಗಿಯೇ ನಿಯಮಕ್ಕೆ ಬಂದಿವೆ. ಹೆಲ್ಪ್‌ನ ಹಳೆಯ ರೂಪ 'ಹೋಲ್ಪನ್' 1611ರ ಇಂಗ್ಲಿಷ್ ಬೈಬಲಿನಲ್ಲಿ ಇನ್ನೂ ಇತ್ತು. ಈಗ ಯಾರಿಗೂ ಗೊತ್ತಿಲ್ಲ. ಮೆಲ್ಟ್‌ನ ಹಳೆಯ ರೂಪ 'ಮೋಲ್ಟನ್' ಕರಗಿದ ಲೋಹಕ್ಕೆ ಹೇಳುವ ಗುಣವಾಚಕವಾಗಿ ಮಾತ್ರ ಉಳಿದಿದೆ.

ಯಾವ ಪದ ಬೇಗ ಬದಲಾಗುತ್ತದೆ ಅನ್ನುವುದಕ್ಕೂ ಅವರಿಗೆ ಒಂದು ಲೆಕ್ಕ ಸಿಕ್ಕಿತು. ಒಂದು ಪದದ ಬಳಕೆ ಇನ್ನೊಂದಕ್ಕಿಂತ 100 ಪಟ್ಟು ಕಡಿಮೆ ಇದ್ದರೆ ಅದು 10 ಪಟ್ಟು ಬೇಗ ನಿಯಮಕ್ಕೆ ಬರುತ್ತದೆ. ಅಪರೂಪಕ್ಕೆ ಬಾಯಿಗೆ ಬರುವ ಪದದ ವಿಶೇಷ ರೂಪ ಮಕ್ಕಳ ಕಿವಿಗೆ ಸಾಕಷ್ಟು ಸಲ ಬೀಳುವುದಿಲ್ಲ. ಆಗ ಅವರು ಇ-ಡಿ ಹಚ್ಚುತ್ತಾರೆ, ಅದೇ ನಿಲ್ಲುತ್ತದೆ. ದಿನಾ ಬೀಳುವ ಪದಕ್ಕೆ ಆ ಗತಿ ಬರುವುದಿಲ್ಲ. ಮುಂದೆ ನಿಯಮಕ್ಕೆ ಬರುವುದು 'ವೆಡ್', ಅಂದರೆ ಮದುವೆಯಾಗು ಅನ್ನುವ ಪದ, ಇರಬಹುದು ಅಂತ ಅವರ ಊಹೆ. 'ವೆಡ್ಡೆಡ್' ಈಗಾಗಲೇ ಬಳಕೆಯಲ್ಲಿದೆ.

ರಾತ್ರಿ ಓದು ಅವರೇ, ನೀವು ಕೇಳಿದ ಬದಲಾವಣೆ ನಡೆಯುತ್ತಲೇ ಇದೆ. ಯಾರೂ ಆದೇಶ ಕೊಡದೆ ನಡೆಯುತ್ತಿದೆ.

ಕೋಡ್ ಮನೆ

ಆಗ್ಡನ್ ಪಟ್ಟಿಯನ್ನು ನಾನೇ ಕೂತು ಎಣಿಸಿದೆ. ಹದಿನೈದೂ ಹೌದು. ಇದು ನನಗೆ ಗೊತ್ತಿರಲಿಲ್ಲ.

ಆದರೆ ಬದಲಾವಣೆ ಒಂದೇ ದಿಕ್ಕಿಗೆ ಹೋಗುತ್ತಿದೆಯಾ? ಅಮೆರಿಕದವರು ಬರ್ನ್ಟ್, ಲರ್ನ್ಟ್ ಬಿಟ್ಟು ಬರ್ನ್ಡ್, ಲರ್ನ್ಡ್ ಅನ್ನುತ್ತಾರೆ. ಅದೇ ಜನ ಸ್ನೀಕ್ಡ್ ಬಿಟ್ಟು 'ಸ್ನಕ್' ಅನ್ನುತ್ತಾರೆ, ಡೈವ್ಡ್ ಬಿಟ್ಟು 'ಡೋವ್' ಅನ್ನುತ್ತಾರೆ. ಇರುವ ನಿಯಮ ಬಿಟ್ಟು ಹೊಸದಾಗಿ ಕಷ್ಟ ತಂದುಕೊಳ್ಳುವುದು ಯಾಕೆ?

ಪದದ ಬೆನ್ನು

ಕಿವಿಗೆ ಹಿಡಿಸುತ್ತದೆ, ಅದಕ್ಕೆ. ಸ್ಟಕ್, ಸ್ಟ್ರಕ್ ಇರುವ ಮನೆಗೆ 'ಸ್ನಕ್' ಬಂದು ಸೇರಿತು. ಇದು ಹೊಸದೂ ಅಲ್ಲ. ರಿಂಗ್ ಹಳೆಯ ಇಂಗ್ಲಿಷಿನಲ್ಲಿ ನಿಯಮದ ಪದವೇ. ಸಿಂಗ್–ಸ್ಯಾಂಗ್ ನೋಡಿ ಅದೂ 'ರ್ಯಾಂಗ್' ಆಯಿತು. ಡಿಗ್‌ಗೆ 1611ರ ಬೈಬಲಿನಲ್ಲಿ 'ಡಿಗ್ಡ್' ಇದೆ. ಈಗ ಎಲ್ಲರೂ ಹೇಳುವುದು 'ಡಗ್'. ವೇರ್–ವೋರ್ ಕೂಡ ಹಾಗೆ ಆಮೇಲೆ ಬಂದದ್ದೇ.

ಅವಳಿ ಅಮ್ಮ

ಓದುತ್ತಿದ್ದೇನೆ, ಎಲ್ಲ ಅರ್ಥ ಆಗುತ್ತಿಲ್ಲ, ಆದರೂ ಬಿಡಲು ಮನಸ್ಸಿಲ್ಲ. ಮಗಳಿಗೆ 'ಬೀಳಿದೆ ಅಲ್ಲ, ಬಿದ್ದೆ ಅನ್ನು' ಅಂತ ಹೇಳಿಕೊಡಬೇಕಾ, ಬಿಟ್ಟುಬಿಡಬೇಕಾ?

ಅನುವಾದದವಳು

ತಿದ್ದಬೇಡಿ. 'ಹೌದಾ ಕಂದಾ, ಬಿದ್ದೆಯಾ? ಎಲ್ಲಿ ಬಿದ್ದೆ?' ಅಂತ ಕೇಳಿ. ಅವಳ ಕಿವಿಗೆ ಬೀಳುತ್ತದೆ. ಅಷ್ಟು ಸಾಕು.

ಹಳೇ ಮೇಷ್ಟ್ರು

ಅನುವಾದದವಳು ಹೇಳಿದ ಈ ಮಾತು ನನ್ನನ್ನು ಎರಡು ದಿನ ಕಾಡಿತು.

ನಾನು ನೋಟ್‌ಬುಕ್ ತಿದ್ದುವಾಗ ಎರಡು ಥರದ ತಪ್ಪು ಬರುತ್ತಿತ್ತು. ಒಬ್ಬ ಬರೆಯುತ್ತಿದ್ದ: 'ಯೆಸ್ಟರ್‌ಡೇ ಹಿ ಕ್ಯಾಚ್ ದ ಬಾಲ್.' ಇನ್ನೊಬ್ಬಳು ಬರೆಯುತ್ತಿದ್ದಳು: 'ಯೆಸ್ಟರ್‌ಡೇ ಹಿ ಕ್ಯಾಚ್ಡ್ ದ ಬಾಲ್.' ಎರಡಕ್ಕೂ ನಾನು ಎಳೆದದ್ದು ಅದೇ ಕೆಂಪು ಗೆರೆ, ಕಳೆದದ್ದು ಅದೇ ಒಂದು ಅಂಕ. ಈಗ ಯೋಚಿಸಿದರೆ ಎರಡೂ ಒಂದೇ ಅಲ್ಲವೇ ಅಲ್ಲ. ಮೊದಲನೆಯವನಿಗೆ ಇದು ನಿನ್ನೆ ಆದದ್ದು, ಕ್ರಿಯಾಪದ ಬದಲಾಗಬೇಕು ಅನ್ನುವುದೇ ಹೊಳೆದಿಲ್ಲ. ಎರಡನೆಯವಳಿಗೆ ಭೂತಕಾಲ ಗೊತ್ತು, ನಿಯಮ ಗೊತ್ತು, ಅದನ್ನು ಹಚ್ಚುವುದೂ ಗೊತ್ತು. ಅವಳಿಗೆ ಗೊತ್ತಿಲ್ಲದ್ದು ಒಂದು ಪದ ಮಾತ್ರ. ಅವಳಿಗೆ ಮುಕ್ಕಾಲು ಅಂಕ ಸಿಗಬೇಕಿತ್ತು. ಎಷ್ಟು ಮಕ್ಕಳಿಗೆ ಹಾಗೆ ಕಳೆದಿದ್ದೇನೋ. ನನಗೆ ಇದು ನಿಜವಾಗಿಯೂ ಬೇಸರ ತಂದಿದೆ.

ಇನ್ನೊಂದು ತಪ್ಪು ಆ ಪಟ್ಟಿಯದು. ಎಲ್ಲ ಪುಸ್ತಕದಲ್ಲೂ ಅಕ್ಷರದ ಕ್ರಮದಲ್ಲಿ ಕೊಡುತ್ತಾರೆ. ಅರೈಸ್, ಅವೇಕ್, ಬಿ, ಬೇರ್, ಬೀಟ್ ಅಂತ ಶುರು. ಕಲಿಯಲು ಇದಕ್ಕಿಂತ ಕೆಟ್ಟ ದಾರಿ ಇಲ್ಲ. ಒಂದರ ಪಕ್ಕದಲ್ಲಿರುವ ಇನ್ನೊಂದಕ್ಕೆ ಸಂಬಂಧವೇ ಇರುವುದಿಲ್ಲ. ಮೇಲೆ ಬರೆದಿರುವ ನಗು–ನಕ್ಕ, ಸಿಗು–ಸಿಕ್ಕ ಪಟ್ಟಿಯ ಹಾಗೆ ಸದ್ದಿನ ಗುಂಪು ಮಾಡಬೇಕು. ಅದರಲ್ಲೂ ದಿನಾ ಬೇಕಾಗುವ ಗುಂಪು ಮೊದಲು. 'ಸ್ಲೇ–ಸ್ಲೂ' ಅಂಥವನ್ನು ಯಾವಾಗಲಾದರೂ ಓದುವಾಗ ಕಂಡರೆ ಸಾಕು.

ರಾತ್ರಿ ಓದು ಅವರೇ, ನಿಮಗಾಗಿ ಒಂದು ಗುಂಪು. ಕಣ್ಣು ಮುಚ್ಚಿ ಜೋರಾಗಿ ಹೇಳಿ: ಬೈ–ಬಾಟ್, ಬ್ರಿಂಗ್–ಬ್ರಾಟ್, ಥಿಂಕ್–ಥಾಟ್, ಫೈಟ್–ಫಾಟ್, ಸೀಕ್–ಸಾಟ್, ಕ್ಯಾಚ್–ಕಾಟ್, ಟೀಚ್–ಟಾಟ್. ಏಳೇ ಏಳು. ಒಂದು ಉಸಿರಲ್ಲಿ ಆಗುತ್ತದೆ.

ಕೋಡ್ ಮನೆ

ಮೇಷ್ಟ್ರೇ, ಆ ಮುಕ್ಕಾಲು ಅಂಕದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಭಾಷೆಯನ್ನು ಬದಲಿಸಲು ಆಗದಿದ್ದರೆ ಅಂಕ ಕೊಡುವ ರೀತಿಯನ್ನು ಬದಲಿಸಬಹುದು. ಅದಕ್ಕೆ ಯಾವ ಅಕಾಡೆಮಿಯೂ ಬೇಡ. ಎರಡು ರೂಪ ಬಳಕೆಯಲ್ಲಿರುವ ಕಡೆ ಎರಡನ್ನೂ ಸರಿ ಅನ್ನಬೇಕು. ಬರ್ನ್ಟ್–ಬರ್ನ್ಡ್, ಡ್ರೆಮ್ಟ್–ಡ್ರೀಮ್ಡ್, ಬ್ರಾಡ್‌ಕಾಸ್ಟ್–ಬ್ರಾಡ್‌ಕಾಸ್ಟೆಡ್. ಇವಕ್ಕೂ ಕೆಂಪು ಗೆರೆ ಹಾಕುವವರನ್ನು ನೋಡಿದ್ದೇನೆ.

ರಾತ್ರಿ ಓದು

ಎಲ್ಲರಿಗೂ ನಮಸ್ಕಾರ. ಒಂದು ವಾರ ಬರೆಯಲು ಆಗಲಿಲ್ಲ, ಓದುತ್ತಿದ್ದೆ. ರಾತ್ರಿ ಕೆಲಸದಿಂದ ಬರುವಾಗ ಆ ಏಳು ಪದ ಹೇಳಿಕೊಂಡು ಬರುತ್ತಿದ್ದೇನೆ. ನಾಲ್ಕನೇ ದಿನಕ್ಕೆ ಬಾಯಿಗೆ ಹತ್ತಿತು. ಪಟ್ಟಿಯಲ್ಲಿ ಓದುವಾಗ ಇವು ಏಳು ಬೇರೆ ಬೇರೆ ಕಷ್ಟ ಆಗಿದ್ದವು. ಈಗ ಒಂದೇ ಆಗಿದೆ.

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. 'ರೀಡ್'ಗೆ 'ರೀಡೆಡ್' ಬಂದರೆ ಒಳ್ಳೆಯದು ಅಂತಲೇ ಈಗಲೂ ಅನ್ನಿಸುತ್ತದೆ. ಆದರೆ 'ಮೇಡ್' ಅನ್ನುವಾಗಲೆಲ್ಲ ಆ ಸವೆದುಹೋದ ಕ ಸದ್ದು ನೆನಪಾಗುತ್ತದೆ. ಅದನ್ನು ಮತ್ತೆ ಹಚ್ಚಿಸಲು ಮನಸ್ಸಾಗುತ್ತಿಲ್ಲ.

ಆ ಹುಡುಗನ ಜೊತೆಗೂ ಮಾತಾಡಿದೆ. ಮೀಟಿಂಗಿನಲ್ಲಿ ನಕ್ಕದ್ದು ಅವನಿಗೂ ಕೇಳಿಸಿತ್ತಂತೆ. 'ಅಣ್ಣಾ, ನೀವು ಹೇಳಿದಾಗ ನನಗೆ ಕೇಳಿದ್ದು ನೀವೇ ಕಲಿಸಿದ್ದು ಅನ್ನುವುದು ಮಾತ್ರ' ಅಂದ.

ಒಂದು ಪ್ರಶ್ನೆ ಉಳಿದಿದೆ. ಆ ಏಳರ ಗುಂಪಿನಲ್ಲಿ ಕ್ಯಾಚ್ ಹೇಗೆ ಸೇರಿತು? ಅದರ ಸದ್ದು ಉಳಿದವುಗಳ ಹಾಗೆ ಹಳೆಯದು ಅನ್ನಿಸುವುದಿಲ್ಲ.

ಪದದ ಬೆನ್ನು

ನಿಮ್ಮ ಕಿವಿ ಸರಿಯಾಗಿದೆ. ಅದು ಫ್ರೆಂಚ್ ಕಡೆಯಿಂದ ಬಂದ ಪದ. ಇಂಗ್ಲಿಷಿನಲ್ಲಿ ಆಗ ಹಿಡಿ ಅನ್ನುವ ಅರ್ಥದಲ್ಲಿ 'ಲ್ಯಾಚ್' ಅನ್ನುವ ಕ್ರಿಯಾಪದ ಇತ್ತು. ಅದರ ಭೂತಕಾಲ ಕಾಟ್, ಟಾಟ್ ಥರವೇ ಇತ್ತು. ಅರ್ಥವೂ ಒಂದೇ, ಸದ್ದೂ ಹತ್ತಿರ. ಕ್ಯಾಚ್ ಅದನ್ನು ನೋಡಿ ಕಲಿತಿತು. ಆಮೇಲೆ ಲ್ಯಾಚ್‌ನ ಆ ರೂಪ ಮರೆಯಾಯಿತು, ಹೊರಗಿನಿಂದ ಬಂದದ್ದು ಉಳಿಯಿತು.

'ಕ್ಯಾಚ್ಡ್' ಕೂಡ ಬಹಳ ಕಾಲ ಅದರ ಪಕ್ಕದಲ್ಲೇ ಇತ್ತು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ ಅವರ ನಿಘಂಟಿನಲ್ಲಿ ಎರಡು ರೂಪವೂ ಇದೆ. ಮೇಷ್ಟ್ರ ಆ ಹುಡುಗಿಯ ವಾಕ್ಯ ಅವತ್ತಿಗೆ ಸರಿ.

ಹಳೇ ಮೇಷ್ಟ್ರು

ಹಾಗಾದರೆ ಅವಳಿಗೆ ಪೂರ್ತಿ ಅಂಕ.